ಆಕಾಶದ ಟಿಕೆಟ್ ಕೊಳ್ಳುವವರು ಯಾರು?

(ಕೊಡಗಿನ ಸೋಮವಾರಪೇಟೆಯಲ್ಲಿ ಗೆಳೆಯರು ಸೇರಿಸಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಬಾಹ್ಯಾಕಾಶ ಅದಕ್ಕಿಂತ ಹತ್ತಿರ. ನೆತ್ತಿಯ ಮೇಲೆ ನೇರ 100 ಕಿಲೋಮೀಟರ್ ಹೋದರೆ ಸಿಗುವ ಗಡಿಗೆ ಕಾರ್ಮನ್ ರೇಖೆ ಅಂತ ಹೆಸರು. ಅಮೆರಿಕದವರು ಇನ್ನೂ ಉದಾರಿಗಳು, ಸುಮಾರು 80 ಕಿಲೋಮೀಟರ್ ದಾಟಿದರೂ ಬಾಹ್ಯಾಕಾಶಕ್ಕೆ ಹೋಗಿ ಬಂದ ಹಾಗೆ ಅನ್ನುತ್ತಾರೆ. ಈ ಇಪ್ಪತ್ತು ಕಿಲೋಮೀಟರ್ ಇಟ್ಟುಕೊಂಡು ಎರಡು ಕಂಪನಿಗಳು 2021ರಲ್ಲಿ ಒಂದನ್ನೊಂದು ಕೆಣಕಿದ್ದೂ ಆಯಿತು. ಬೇಲಿ ಜಗಳ ನಮಗೇನು ಹೊಸದಲ್ಲ, ಅಲ್ವಾ.

ಇಷ್ಟು ಹತ್ತಿರ ಇದ್ದರೆ ಟಿಕೆಟ್‌ಗೆ ಕೋಟಿಗಟ್ಟಲೆ ಯಾಕೆ? ಬಾಹ್ಯಾಕಾಶಕ್ಕೆ ಏರುವುದು ಒಂದು ಕೆಲಸ, ಅಲ್ಲೇ ಉಳಿಯುವುದು ಇನ್ನೊಂದು ಕೆಲಸ. ಪತ್ರಿಕೆಗಳಲ್ಲಿ ಎರಡಕ್ಕೂ ಬಾಹ್ಯಾಕಾಶ ಪ್ರವಾಸ ಅಂತಲೇ ಬರುತ್ತದೆ. ಅಲ್ಲೇ ಗೊಂದಲ ಶುರು.

ಏರಿ ಇಳಿಯುವ ಪ್ರವಾಸವನ್ನು ಮೊದಲು ನೋಡೋಣ. ಜೆಫ್ ಬೆಜೋಸ್ ಅವರ ಬ್ಲೂ ಒರಿಜಿನ್ ಕಂಪನಿಯ ರಾಕೆಟ್‌ಗೆ ನ್ಯೂ ಶೆಪರ್ಡ್ ಅಂತ ಹೆಸರು. ಟೆಕ್ಸಾಸ್‌ನ ಒಣ ಬಯಲಿನಲ್ಲಿ ಅದರ ಉಡಾವಣಾ ಜಾಗ. ತುದಿಯ ಕ್ಯಾಪ್ಸೂಲ್‌ನಲ್ಲಿ ಆರು ಸೀಟು. ಪ್ರತಿ ಸೀಟಿನ ಪಕ್ಕಕ್ಕೂ ಮೂರೂವರೆ ಅಡಿ ಎತ್ತರದ ಕಿಟಕಿ. ಪೈಲಟ್ ಇಲ್ಲ, ಎಲ್ಲ ಕಂಪ್ಯೂಟರ್ ಕೆಲಸ. ಎಂಜಿನ್ ಎರಡೂವರೆ ನಿಮಿಷದ ಒಳಗೇ ಉರಿದು ಆರಿಹೋಗುತ್ತದೆ. ಕ್ಯಾಪ್ಸೂಲ್ ಬೇರ್ಪಟ್ಟು, ಬಂದ ರಭಸದಲ್ಲೇ ಇನ್ನೂ ಮೇಲಕ್ಕೆ ಹೋಗುತ್ತದೆ. ಆಗ ಬೆಲ್ಟ್ ಬಿಚ್ಚಬಹುದು. ಮೂರು ನಾಲ್ಕು ನಿಮಿಷ ತೇಲಬಹುದು. ಕಿಟಕಿಯ ಹೊರಗೆ ಹಗಲಿನಲ್ಲೂ ಕಪ್ಪು ಆಕಾಶ, ಕೆಳಗೆ ಬಾಗಿದ ಭೂಮಿಯ ಅಂಚು, ಅದಕ್ಕೆ ಅಂಟಿಕೊಂಡ ತೆಳ್ಳಗಿನ ನೀಲಿ ಪಟ್ಟಿ. ಅಷ್ಟರಲ್ಲಿ ಮತ್ತೆ ಸೀಟಿಗೆ ಬನ್ನಿ ಅಂತ ಕರೆ ಬರುತ್ತದೆ. ಇಳಿಯುವಾಗ ಮೈ ಮೇಲೆ ತೂಕದ ನಾಲ್ಕೈದು ಪಟ್ಟು ಭಾರ. ಆಮೇಲೆ ಮೂರು ಪ್ಯಾರಾಚೂಟ್ ಬಿಚ್ಚಿಕೊಂಡು, ಧೂಳೆಬ್ಬಿಸಿ ನೆಲ ಮುಟ್ಟುತ್ತದೆ. ಎಲ್ಲ ಸೇರಿ ಹತ್ತು ಹನ್ನೊಂದು ನಿಮಿಷ. ಸೋಮವಾರಪೇಟೆ ಪೇಟೆ ಬೀದಿಯಲ್ಲಿ ಸಂತೆ ದಿನ ಕಾರು ನಿಲ್ಲಿಸುವುದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

2024ರ ಮೇ 19ರಂದು ಇದೇ ರಾಕೆಟ್‌ನಲ್ಲಿ ಗೋಪಿ ತೋಟಕೂರ ಹೋಗಿ ಬಂದರು. ಅವರು ಆಂಧ್ರ ಮೂಲದ ಪೈಲಟ್. ಭಾರತದ ಮೊದಲ ಬಾಹ್ಯಾಕಾಶ ಪ್ರವಾಸಿ ಅಂತ ಎಲ್ಲ ಕಡೆ ಸುದ್ದಿಯಾಯಿತು. ಅವತ್ತು ಮೂರು ಪ್ಯಾರಾಚೂಟ್‌ಗಳಲ್ಲಿ ಒಂದು ಪೂರ್ತಿ ಅರಳಲಿಲ್ಲ ಅನ್ನುವುದು ಅಷ್ಟು ಸುದ್ದಿಯಾಗಲಿಲ್ಲ. ಎರಡೇ ಸಾಕು ಅನ್ನುವ ಲೆಕ್ಕದಲ್ಲಿ ಕ್ಯಾಪ್ಸೂಲ್ ಮಾಡಿದ್ದರಿಂದ ಎಲ್ಲರೂ ಕ್ಷೇಮವಾಗಿ ಇಳಿದರು. ಅದೇ ಹಾರಾಟದಲ್ಲಿ 90 ವರ್ಷದ ಎಡ್ ಡ್ವೈಟ್ ಇದ್ದರು. 1960ರ ದಶಕದಲ್ಲಿ ಗಗನಯಾತ್ರಿಯಾಗಲು ತರಬೇತಿ ಪಡೆದೂ ಆಯ್ಕೆಯಾಗದೆ ಉಳಿದ, ಅಮೆರಿಕ ವಾಯುಪಡೆಯ ಕಪ್ಪು ವರ್ಣೀಯ ಅಧಿಕಾರಿ ಅವರು. ಸರ್ಕಾರ ಕೊಡದ ಸೀಟು ಆರು ದಶಕಗಳ ಮೇಲೆ ಖಾಸಗಿ ಕಂಪನಿಯ ರಾಕೆಟ್‌ನಲ್ಲಿ ಸಿಕ್ಕಿತು. ಈ ವ್ಯಾಪಾರದ ಬಗ್ಗೆ ನನಗೆ ತಕರಾರುಗಳಿವೆ, ಆದರೆ ಈ ಒಂದು ಸಂಗತಿ ಓದಿದಾಗ ಖುಷಿಯಾಯಿತು.

ಇನ್ನು ಅಲ್ಲೇ ಉಳಿಯುವ ಪ್ರವಾಸ. ಭೂಮಿಯನ್ನು ಸುತ್ತುತ್ತಾ ಕೆಳಗೆ ಬೀಳದೆ ಇರಬೇಕಾದರೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗ ಬೇಕು. ಅಂದರೆ ಮೈಸೂರಿನಿಂದ ಮಡಿಕೇರಿಗೆ ಹದಿನೈದು ಸೆಕೆಂಡ್. ನ್ಯೂ ಶೆಪರ್ಡ್ ಮುಟ್ಟುವ ವೇಗ ಇದರ ಎಂಟರಲ್ಲಿ ಒಂದು ಪಾಲು ಅಷ್ಟೇ. ವೇಗ ಎಂಟು ಪಟ್ಟಾದರೆ ಬೇಕಾದ ಶಕ್ತಿ ಎಂಟು ಪಟ್ಟಲ್ಲ, ಅರವತ್ತು ಪಟ್ಟಿಗೂ ಜಾಸ್ತಿ. ವಾಪಸ್ ಬರುವಾಗ ಆ ಶಕ್ತಿಯನ್ನೆಲ್ಲ ಗಾಳಿಗೆ ಉಜ್ಜಿ ಶಾಖ ಮಾಡಿ ಕಳೆಯಬೇಕು. ಟಿಕೆಟ್ ದರದಲ್ಲಿ ಅಷ್ಟೊಂದು ವ್ಯತ್ಯಾಸ ಬರುವುದು ಇದಕ್ಕೇ. ರಿಚರ್ಡ್ ಬ್ರಾನ್ಸನ್ ಅವರ ವರ್ಜಿನ್ ಗ್ಯಾಲಕ್ಟಿಕ್ ಏರಿ ಇಳಿಯುವ ಸೀಟಿಗೆ ಮೊದಲು 2 ಲಕ್ಷ ಡಾಲರ್ ಅಂದಿತ್ತು, ಆಮೇಲೆ 6 ಲಕ್ಷದವರೆಗೂ ಹೋಯಿತು. ಕಕ್ಷೆಗೆ, ಅಂದರೆ ಭೂಮಿ ಸುತ್ತುವ ದಾರಿಗೆ ಹೋಗಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತಂಗುವ ಸೀಟಿಗೆ 2022ರಲ್ಲಿ ಹೇಳಿದ ದರ 5.5 ಕೋಟಿ ಡಾಲರ್.

ಹೀಗೆ ತಂಗಿ ಬಂದವರಲ್ಲಿ, ಸ್ವಂತ ದುಡ್ಡು ಕೊಟ್ಟು ಹೋದ ಮೊದಲಿಗರು ಡೆನಿಸ್ ಟಿಟೋ. ಅಮೆರಿಕದ ಹಣಕಾಸು ವ್ಯವಹಾರಸ್ಥರು. 2001ರ ಏಪ್ರಿಲ್ 28ರಂದು ಹೊರಟರು. ಕೊಟ್ಟದ್ದು 2 ಕೋಟಿ ಡಾಲರ್ ಅಂತಾರೆ, ಆಗಿನ ಲೆಕ್ಕದಲ್ಲಿ 90 ಕೋಟಿ ರೂಪಾಯಿ ಮೇಲೆ. ತಮಾಷೆ ನೋಡಿ. ಬಂಡವಾಳಶಾಹಿ ಅಮೆರಿಕದ ನಾಸಾ ಬೇಡವೇ ಬೇಡ ಅಂತ ಹಟ ಹಿಡಿಯಿತು. ಟಿಕೆಟ್ ಮಾರಿದವರು ಒಂದು ಕಾಲದ ಕಮ್ಯುನಿಸ್ಟ್ ರಷ್ಯಾದವರು. ಸೋವಿಯತ್ ಒಕ್ಕೂಟ ಒಡೆದಿತ್ತು, ಅವರ ಕೈ ಖಾಲಿ, ಸೋಯುಜ್ ನೌಕೆಯಲ್ಲಿ ಮಾತ್ರ ಒಂದು ಸೀಟು ಮಿಕ್ಕುತ್ತಿತ್ತು. 2009ರವರೆಗೆ ಟಿಟೋ ಸೇರಿ ಏಳು ಜನ ಹೀಗೆ ಹೋದರು. ಒಬ್ಬರು ಎರಡು ಸಲ ಹೋದರು.

ಆಮೇಲೆ ಹನ್ನೆರಡು ವರ್ಷ ಇಂಥ ಪ್ರವಾಸಿಗಳೇ ಇಲ್ಲ. ದುಡ್ಡಿದ್ದವರು ಕಮ್ಮಿಯಾಗಿರಲಿಲ್ಲ, ಸೀಟು ಇರಲಿಲ್ಲ. ನಾಸಾ ತನ್ನ ಶಟಲ್ ನೌಕೆಗಳನ್ನು 2011ರಲ್ಲಿ ನಿಲ್ಲಿಸಿತು. ನಿಲ್ದಾಣಕ್ಕೆ ಹೋಗಿ ಬರಲು ಉಳಿದದ್ದು ಸೋಯುಜ್ ಒಂದೇ. ಟಿಟೋ ಹೋಗಬಾರದು ಅಂದಿದ್ದ ಅದೇ ನಾಸಾ, ಈಗ ರಷ್ಯಾದ ಕೌಂಟರಿನಲ್ಲಿ ಸೀಟಿಗಾಗಿ ನಿಂತಿತು. 2020ರ ಹೊತ್ತಿಗೆ ಒಂದು ಸೀಟಿಗೆ 9 ಕೋಟಿ ಡಾಲರ್ ತೆತ್ತಿತು.

ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡು ಬಂದದ್ದು ಇದನ್ನೇ. ಖಾಸಗಿ ಬಾಹ್ಯಾಕಾಶ ಉದ್ಯಮ ಅಂದ ತಕ್ಷಣ ಶ್ರೀಮಂತರ ಮೋಜು ಕಣ್ಣಿಗೆ ಬರುತ್ತದೆ. ಆದರೆ ಈ ಉದ್ಯಮ ಎದ್ದು ನಿಂತದ್ದು ಪ್ರವಾಸಿಗಳ ದುಡ್ಡಿನಿಂದ ಅಲ್ಲ. ಸರ್ಕಾರದ ಸರಕು ಸಾಗಿಸಿ ನಿಂತದ್ದು.

ಸ್ಪೇಸ್‌ಎಕ್ಸ್ ಕಥೆ ನೋಡಿ. ಈಲಾನ್ ಮಸ್ಕ್ 2002ರಲ್ಲಿ ಶುರು ಮಾಡಿದರು. ಮೊದಲ ರಾಕೆಟ್ ಫಾಲ್ಕನ್ 1 ಸತತ ಮೂರು ಸಲ ವಿಫಲವಾಯಿತು. ನಾಲ್ಕನೆಯದು 2008ರ ಸೆಪ್ಟೆಂಬರ್ 28ರಂದು ಕಕ್ಷೆ ಸೇರಿತು. ಆ ಹೊತ್ತಿಗೆ ಕಂಪನಿಯಲ್ಲಿ ದುಡ್ಡು ಮುಗಿಯುತ್ತಾ ಬಂದಿತ್ತು. ಅದೇ ಡಿಸೆಂಬರ್‌ನಲ್ಲಿ ನಾಸಾ 160 ಕೋಟಿ ಡಾಲರ್‌ನ ಗುತ್ತಿಗೆ ಕೊಟ್ಟಿತು. ನಿಲ್ದಾಣಕ್ಕೆ ಊಟ, ನೀರು, ಬಟ್ಟೆ, ಉಪಕರಣ ಒಯ್ಯುವ ಕೆಲಸ. ಸೀದಾ ಹೇಳಬೇಕೆಂದರೆ ಲಾರಿ ಬಾಡಿಗೆ. ಆ ಬಾಡಿಗೆ ಇಲ್ಲದಿದ್ದರೆ ಇವತ್ತು ಮಸ್ಕ್ ಹೆಸರನ್ನು ನಾವು ಕಾರಿನ ಸುದ್ದಿಯಲ್ಲಿ ಮಾತ್ರ ಕೇಳುತ್ತಿದ್ದೆವೋ ಏನೋ. ಆಮೇಲೆ 2014ರಲ್ಲಿ ಜನರನ್ನು ಒಯ್ಯುವ ಗುತ್ತಿಗೆ. ಬೋಯಿಂಗ್‌ಗೆ 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ಗೆ 260 ಕೋಟಿ. ಕಮ್ಮಿ ದುಡ್ಡು ಪಡೆದವರು 2020ರ ಮೇ 30ರಂದು ಇಬ್ಬರನ್ನು ಕರೆದೊಯ್ದು ತೋರಿಸಿದರು. ಜಾಸ್ತಿ ದುಡ್ಡು ಪಡೆದವರ ನೌಕೆಯಲ್ಲಿ 2024ರ ಜೂನ್‌ನಲ್ಲಿ ಎಂಟು ದಿನಕ್ಕೆಂದು ಹೋದ ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಒಂಬತ್ತು ತಿಂಗಳು ಅಲ್ಲೇ ಉಳಿದು, ಮುಂದಿನ ಮಾರ್ಚ್‌ನಲ್ಲಿ ಸ್ಪೇಸ್‌ಎಕ್ಸ್ ನೌಕೆಯಲ್ಲಿ ವಾಪಸಾದರು. ಆ ಕಥೆ ನಿಮಗೆಲ್ಲ ಗೊತ್ತು.

ದರ ಇಳಿದದ್ದು ಹೇಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಾಕೆಟ್‌ನಲ್ಲಿ ದುಬಾರಿ ಅಂದರೆ ಇಂಧನ ಅಲ್ಲ, ಕೆಳಗಿನ ದೊಡ್ಡ ಹಂತ. ಸ್ಪೇಸ್‌ಎಕ್ಸ್‌ನ ಆಮೇಲಿನ ರಾಕೆಟ್ ಫಾಲ್ಕನ್ 9ರಲ್ಲಿ ಒಂಬತ್ತು ಎಂಜಿನ್ ಇರುವುದು ಅಲ್ಲೇ. ಹಿಂದೆಲ್ಲ ಅದನ್ನು ಒಂದು ಸಲ ಉರಿಸಿ ಸಮುದ್ರಕ್ಕೆ ಬಿಡುತ್ತಿದ್ದರು. 2015ರ ಡಿಸೆಂಬರ್‌ನಲ್ಲಿ ಸ್ಪೇಸ್‌ಎಕ್ಸ್ ಅದನ್ನು ಫ್ಲಾರಿಡಾದ ನೆಲಕ್ಕೆ ನೆಟ್ಟಗೆ ಇಳಿಸಿತು. ಮೇಲಿನ ಹಂತ ಬೇರ್ಪಟ್ಟ ಮೇಲೆ ಈ ಕಂಬ ತಿರುಗಿ ನಿಲ್ಲುತ್ತದೆ, ಕೆಲವು ಎಂಜಿನ್ ಮತ್ತೆ ಹೊತ್ತಿಸಿ ವೇಗ ಕಳೆಯುತ್ತದೆ, ಜಾಲರಿಯಂಥ ನಾಲ್ಕು ರೆಕ್ಕೆ ಬಿಚ್ಚಿ ಗಾಳಿಯಲ್ಲಿ ದಿಕ್ಕು ಸರಿಮಾಡಿಕೊಳ್ಳುತ್ತದೆ. ಕೊನೆಯ ಕ್ಷಣಗಳಲ್ಲಿ ನಡುವಿನ ಒಂದೇ ಎಂಜಿನ್ ಉರಿಸಿ, ನಾಲ್ಕು ಕಾಲು ಬಿಚ್ಚಿ ನಿಲ್ಲುತ್ತದೆ. ಎಂಜಿನ್ ಸ್ವಲ್ಪ ತಡವಾಗಿ ಹೊತ್ತಿದರೆ ಚೂರುಚೂರು. ಬೇಗ ಹೊತ್ತಿದರೂ ಕಷ್ಟ, ಆ ಒಂದು ಎಂಜಿನ್ನಿನ ಒತ್ತಡವೇ ಖಾಲಿ ಕಂಬದ ತೂಕಕ್ಕಿಂತ ಜಾಸ್ತಿ, ನೆಲ ಮುಟ್ಟುವ ಮೊದಲೇ ಮತ್ತೆ ಮೇಲೇಳುತ್ತದೆ. ವೇಗ ಸೊನ್ನೆಯಾಗುವುದೂ ಎತ್ತರ ಸೊನ್ನೆಯಾಗುವುದೂ ಒಂದೇ ಗಳಿಗೆಗೆ ಆಗಬೇಕು. ಅಂಥದ್ದನ್ನು ಈಗ ವಾರಕ್ಕೆ ಎರಡು ಮೂರು ಸಲ ಮಾಡುತ್ತಾರೆ. ಒಂದೇ ಕಂಬ ಮೂವತ್ತಕ್ಕೂ ಹೆಚ್ಚು ಸಲ ಹೋಗಿ ಬಂದದ್ದಿದೆ. ಶಟಲ್ ಕಾಲದಲ್ಲಿ ಒಂದು ಕಿಲೋ ತೂಕವನ್ನು ಕಕ್ಷೆಗೆ ಒಯ್ಯಲು ಐವತ್ತು ಸಾವಿರ ಡಾಲರ್ ದಾಟುತ್ತಿತ್ತು. ಫಾಲ್ಕನ್ 9ರ ದರಪಟ್ಟಿಯನ್ನು ಹೊರಬಲ್ಲ ಗರಿಷ್ಠ ತೂಕದಿಂದ ಭಾಗಿಸಿದರೆ ಮೂರು ಸಾವಿರ ಡಾಲರ್ ಆಸುಪಾಸು ಬರುತ್ತದೆ.

ಈಗ ಒಂದು ಲೆಕ್ಕ. 2024ರಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್ ರಾಕೆಟ್‌ಗಳು 130ಕ್ಕೂ ಹೆಚ್ಚು ಸಲ ಹಾರಿದವು. ಅದರಲ್ಲಿ ಮನುಷ್ಯರು ಕೂತಿದ್ದದ್ದು ನಾಲ್ಕೇ ನಾಲ್ಕು ಸಲ. ಮಿಕ್ಕಿದ್ದೆಲ್ಲ ಉಪಗ್ರಹ ಮತ್ತು ಸರಕು, ಅದರಲ್ಲೂ ಬಹುಪಾಲು ಅವರದೇ ಸ್ಟಾರ್‌ಲಿಂಕ್ ಇಂಟರ್‌ನೆಟ್ ಉಪಗ್ರಹಗಳು. ಆ ನಾಲ್ಕರಲ್ಲಿ ಎರಡು ನಾಸಾದ್ದು. ಒಂದರಲ್ಲಿ ಇಟಲಿ, ಟರ್ಕಿ, ಸ್ವೀಡನ್ ದೇಶದವರು. ಶ್ರೀಮಂತರೊಬ್ಬರು ತಮ್ಮ ಇಷ್ಟಕ್ಕೆ ದುಡ್ಡು ಹಾಕಿ ಹೋದದ್ದು ಒಂದೇ ಸಲ. ಅವರು ಜೇರೆಡ್ ಐಸಾಕ್‌ಮನ್. ಆ ಪ್ರಯಾಣದಲ್ಲೇ ಮೊದಲ ಖಾಸಗಿ ಬಾಹ್ಯಾಕಾಶ ನಡಿಗೆ ನಡೆಯಿತು.

ಇದೇ ಐಸಾಕ್‌ಮನ್ 2021ರಲ್ಲೂ ಮೂರು ಜನರನ್ನು ಕರೆದುಕೊಂಡು ಮೂರು ದಿನ ಭೂಮಿ ಸುತ್ತಿದ್ದರು. ಆ ನಾಲ್ವರಲ್ಲಿ ಒಬ್ಬರೂ ವೃತ್ತಿಯ ಗಗನಯಾತ್ರಿ ಅಲ್ಲ. ಪ್ರಯಾಣದಲ್ಲಿ ಕೆಟ್ಟದ್ದು ಯಾವುದು ಗೊತ್ತಾ? ಟಾಯ್ಲೆಟ್. ಒಂದು ಕೊಳವೆ ಕಳಚಿಕೊಂಡು ಮೂತ್ರವೆಲ್ಲ ನೆಲದ ಹಲಗೆಯ ಅಡಿಗೆ ಸೇರಿತ್ತು. ಇಲ್ಲಿ ಹೋಂಸ್ಟೇ ನಡೆಸುವವರು ನಗುತ್ತಿದ್ದೀರಿ. ಎಷ್ಟು ಕೋಟಿಯ ವ್ಯವಸ್ಥೆಯಾದರೂ ಗೆಸ್ಟ್ ದೂರು ಬರುವುದು ಬಾತ್‌ರೂಮಿನ ಬಗ್ಗೆಯೇ.

ಮೋಜಿನ ಗಿರಾಕಿ ಹೋಗಿ ದೇಶಗಳೇ ಗಿರಾಕಿಯಾದದ್ದಕ್ಕೆ ನಮ್ಮದೇ ಉದಾಹರಣೆ ಇದೆ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಸೋವಿಯತ್ ಸೋಯುಜ್‌ನಲ್ಲಿ ಹೋದರು. ಅದು ಸ್ನೇಹಕ್ಕೆ ಸಿಕ್ಕ ಸೀಟು. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಹೋದದ್ದು ಕೊಂಡ ಸೀಟಿನಲ್ಲಿ. ಪ್ರಯಾಣ ಏರ್ಪಡಿಸಿದ್ದು ಆಕ್ಸಿಯಮ್ ಅನ್ನುವ ಅಮೆರಿಕದ ಖಾಸಗಿ ಕಂಪನಿ. ರಾಕೆಟ್, ನೌಕೆ ಎರಡೂ ಸ್ಪೇಸ್‌ಎಕ್ಸ್‌ದು. ನಮ್ಮ ಸರ್ಕಾರಕ್ಕೆ ಸುಮಾರು 550 ಕೋಟಿ ರೂಪಾಯಿ ಖರ್ಚಾಯಿತು. ಜೊತೆಗಿದ್ದ ಪೋಲೆಂಡ್, ಹಂಗೇರಿಯವರದೂ ಅವರವರ ಸರ್ಕಾರದ ದುಡ್ಡೇ.

ಅಷ್ಟು ದುಡ್ಡು ದಂಡ ಅಲ್ವಾ ಅಂತ ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಜೂನ್ 11ಕ್ಕೆ ಹೊರಡಬೇಕಿದ್ದ ರಾಕೆಟ್‌ನಲ್ಲಿ ದ್ರವ ಆಮ್ಲಜನಕ ಸೋರುತ್ತಿತ್ತು. ಪೂರ್ತಿ ಸರಿಮಾಡಿ, ಪರೀಕ್ಷೆ ಮಾಡಿ ತೋರಿಸಿದ ಮೇಲೇ ನಮ್ಮವರು ಹತ್ತುವುದು ಅಂತ ಇಸ್ರೋ ತಂಡ ಪಟ್ಟು ಹಿಡಿಯಿತು. ಇನ್ನೊಬ್ಬರ ರಾಕೆಟ್‌ನ ಪಕ್ಕ ನಿಂತು ಹೀಗೆ ಕಲಿಯುವುದಕ್ಕೆ ಬೇರೆ ದಾರಿ ಇಲ್ಲ. ಮುಂದೆ ಗಗನಯಾನದಲ್ಲಿ ನಮ್ಮದೇ ನೌಕೆಯಲ್ಲಿ ಜನ ಕೂರಬೇಕು. ಶುಕ್ಲಾ ಅಲ್ಲಿ ಮೊಳಕೆ ಬರಿಸಿದ ಮೆಂತ್ಯ ಮತ್ತು ಹೆಸರುಕಾಳಿನ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿಯದ್ದು. ಧಾರವಾಡದ ಮೆಂತ್ಯ ಸೊಪ್ಪು 400 ಕಿಲೋಮೀಟರ್ ಎತ್ತರದಲ್ಲಿ ಚಿಗುರಿತು ಅಂದರೆ ಸುಮ್ನೆ ಮಾತಲ್ಲ.

ನಮ್ಮ ದೇಶದ ಖಾಸಗಿಯವರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2020ರಲ್ಲಿ ಕೇಂದ್ರ ಸರ್ಕಾರ ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯಿತು. ಅನುಮತಿ ಕೊಡಲು ಇನ್‌ಸ್ಪೇಸ್ ಅನ್ನುವ ಸಂಸ್ಥೆ ಬಂತು. ಹೈದರಾಬಾದಿನ ಸ್ಕೈರೂಟ್ 2022ರ ನವೆಂಬರ್ 18ರಂದು ವಿಕ್ರಮ್-ಎಸ್ ಹಾರಿಸಿತು. ಚೆನ್ನೈನ ಅಗ್ನಿಕುಲ್ 2024ರ ಮೇ 30ರಂದು, ತ್ರೀಡಿ ಪ್ರಿಂಟರ್‌ನಲ್ಲಿ ಒಂದೇ ತುಂಡಾಗಿ ಮಾಡಿದ ಎಂಜಿನ್ ಇಟ್ಟು ಹಾರಿಸಿತು. ಎರಡೂ ಏರಿ ಬಿದ್ದ ಪರೀಕ್ಷೆಗಳು, ಕಕ್ಷೆ ಸೇರಿದವಲ್ಲ. ಬೆಂಗಳೂರಿನ ಪಿಕ್ಸೆಲ್ 2025ರ ಜನವರಿಯಲ್ಲಿ ಮೂರು ಕ್ಯಾಮೆರಾ ಉಪಗ್ರಹ ಕಳಿಸಿತು. ಬೆಳೆಯ ರೋಗ ಕಣ್ಣಿಗೆ ಕಾಣುವ ಮೊದಲೇ ಎಲೆಯ ಬಣ್ಣದ ಸೂಕ್ಷ್ಮ ವ್ಯತ್ಯಾಸದಿಂದ ಹಿಡಿಯಬಹುದು ಅನ್ನುವುದು ಇಂಥ ಕ್ಯಾಮೆರಾಗಳ ಆಸೆ. ಗದ್ದೆಗೆ, ಬಯಲಿನ ಹೊಲಕ್ಕೆ ಸರಿ. ನಮ್ಮ ಕಾಫಿ ಇರುವುದು ಸಿಲ್ವರ್ ಓಕ್, ಹಲಸು, ಅತ್ತಿಯ ನೆರಳಲ್ಲಿ. ಮೇಲಿನಿಂದ ನೋಡಿದರೆ ಮರದ ತಲೆ ಕಾಣುತ್ತದೆ, ಕಾಫಿ ಗಿಡ ಕಾಣುವುದಿಲ್ಲ. ನಾಳೆ ಯಾರಾದರೂ ಉಪಗ್ರಹದಿಂದ ನಿಮ್ಮ ತೋಟದ ಕಾಂಡಕೊರಕ ಪತ್ತೆ ಮಾಡಿಕೊಡುತ್ತೇವೆ ಅಂತ ಆ್ಯಪ್ ಮಾರಲು ಬಂದರೆ, ನೆರಳು ಮರ ಏನು ಮಾಡ್ತೀರಿ ಅಂತ ಮೊದಲು ಕೇಳಿ.

ಖಾಸಗಿಯವರು ಮಾಡದೇ ಇರುವ ಕೆಲಸವೂ ಇದೆ. ಕೊಡಗಿನ ಗುಡ್ಡಗಳು ಕುಸಿದ 2018ರ ಆಗಸ್ಟ್ ಇಲ್ಲಿ ಯಾರಿಗೂ ಮರೆತಿಲ್ಲ. ಗುಡ್ಡ ಕುಸಿಯುವ ಕಾಲದಲ್ಲಿ ಮೋಡ ಕವಿದಿರುತ್ತದೆ, ಮಾಮೂಲಿ ಕ್ಯಾಮೆರಾ ಉಪಗ್ರಹಕ್ಕೆ ಏನೂ ಕಾಣುವುದಿಲ್ಲ. ರೇಡಾರ್ ಬೇಕು. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋಯಿತು. ಮೋಡವಿರಲಿ, ರಾತ್ರಿಯಿರಲಿ, ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗವನ್ನು ನೋಡಿ, ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಸರಿದರೂ ಹೇಳುವ ಹಾಗೆ ಅದನ್ನು ಮಾಡಿದ್ದಾರೆ. ಮಾಹಿತಿ ಎಲ್ಲರಿಗೂ ಉಚಿತ. ಯಾವ ಕಂಪನಿಯೂ ನಮ್ಮ ಗುಡ್ಡವನ್ನು ಬಿಟ್ಟಿಯಾಗಿ ಕಾಯುವುದಿಲ್ಲ. ಖಾಸಗಿಯವರು ಬಂದರು ಅಂತ ಸರ್ಕಾರ ಈ ಕೆಲಸದಿಂದ ಹಿಂದೆ ಸರಿದರೆ ನಷ್ಟ ನಮ್ಮಂಥ ಊರುಗಳಿಗೇ.

ಇನ್ನು ಪ್ರಶ್ನೆಗಳು.

ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು: “ಸರ್, ಇಷ್ಟೊಂದು ರಾಕೆಟ್ ಹಾರಿದರೆ ಹೊಗೆ?” ಒಳ್ಳೆಯ ಪ್ರಶ್ನೆ. ನ್ಯೂ ಶೆಪರ್ಡ್ ಹೈಡ್ರೋಜನ್ ಉರಿಸುತ್ತದೆ, ಬಹುಪಾಲು ನೀರಾವಿ ಬರುತ್ತದೆ. ಫಾಲ್ಕನ್ 9 ಸೀಮೆಎಣ್ಣೆಯ ಜಾತಿಯ ಇಂಧನ ಉರಿಸುತ್ತದೆ, ಮಸಿ ಬಿಡುತ್ತದೆ. ಇಲ್ಲಿನ ಮಸಿಯನ್ನು ಒಂದು ಮಳೆ ತೊಳೆದುಬಿಡುತ್ತದೆ. ಮೋಡಗಳಿಗೂ ಮೇಲಿರುವ ಆ ಪದರದಲ್ಲಿ ಮಳೆಯೇ ಇಲ್ಲ, ಮಸಿ ವರ್ಷಗಟ್ಟಲೆ ಅಲ್ಲೇ ಇದ್ದು ಬಿಸಿಲನ್ನು ಹೀರುತ್ತದೆ. ವಿಮಾನಗಳ ಹೊಗೆಯ ಮುಂದೆ ಇವತ್ತಿಗೆ ಇದು ಸಣ್ಣದು. ಹಾರಾಟಗಳ ಸಂಖ್ಯೆ ಹೀಗೇ ಏರಿದರೆ ಸಣ್ಣದಾಗಿ ಉಳಿಯುವುದಿಲ್ಲ.

“ಪ್ರಾಣಕ್ಕೇನಾದರೂ ಆದರೆ ಕಂಪನಿಯವರು ಹೊಣೆ ಅಲ್ವಾ?” ಅಂತ ಹೋಂಸ್ಟೇ ನಡೆಸುವ ಅಕ್ಕ ಒಬ್ಬರು ಕೇಳಿದರು. ಅಮೆರಿಕದಲ್ಲಿ 2004ರ ಕಾನೂನಿನ ಪ್ರಕಾರ, ಈ ನೌಕೆ ಸುರಕ್ಷಿತ ಅಂತ ಸರ್ಕಾರ ಪ್ರಮಾಣಪತ್ರ ಕೊಟ್ಟಿಲ್ಲ ಅನ್ನುವುದನ್ನು ಕಂಪನಿ ಬರವಣಿಗೆಯಲ್ಲೇ ಹೇಳಬೇಕು. ಪ್ರಯಾಣಿಕ ಒಪ್ಪಿ ಸಹಿ ಹಾಕಬೇಕು. ಪ್ರಯಾಣಿಕರ ಸುರಕ್ಷತೆಗೆ ಸರ್ಕಾರ ನಿಯಮ ಮಾಡಬಾರದು ಅನ್ನುವ ತಡೆಯನ್ನು ಮುಂದೂಡುತ್ತಾ ಬಂದು, ಈಗ 2028ರ ಜನವರಿ 1ಕ್ಕೆ ತಂದು ನಿಲ್ಲಿಸಿದ್ದಾರೆ. ಉದ್ಯಮ ಕಲಿಯುವ ಕಾಲ ಇದು, ಈಗಲೇ ಕೈ ಕಟ್ಟಬೇಡಿ ಅನ್ನುವುದು ವಾದ. 2014ರ ಅಕ್ಟೋಬರ್ 31ರಂದು ವರ್ಜಿನ್ ಗ್ಯಾಲಕ್ಟಿಕ್ ನೌಕೆಯ ಪರೀಕ್ಷಾ ಹಾರಾಟದಲ್ಲಿ ಸಹ ಪೈಲಟ್ ಒಂದು ಲಿವರನ್ನು ಕೆಲವೇ ಸೆಕೆಂಡ್ ಮುಂಚೆ ಎಳೆದರು. ನೌಕೆ ಗಾಳಿಯಲ್ಲೇ ಒಡೆದು ಅವರು ತೀರಿಕೊಂಡರು. ಮನುಷ್ಯ ತಪ್ಪು ಮಾಡಬಹುದು ಅಂತ ಲೆಕ್ಕ ಹಾಕಿ ವಿನ್ಯಾಸ ಮಾಡಿರಲಿಲ್ಲ ಅಂತ ತನಿಖೆ ಹೇಳಿತು. ಇಪ್ಪತ್ತು ವರ್ಷದ ಮೇಲೂ ಕಲಿಯುವ ಕಾಲ ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಕೆಲಸದ ಬಗ್ಗೆ ಕೇಳಿದ ಹುಡುಗರಿಗೆ ಹೇಳಿದ್ದು ಇಷ್ಟೇ. ಗಗನಯಾತ್ರಿ ಆಗುವವರು ಕೈಬೆರಳಲ್ಲಿ ಎಣಿಸುವಷ್ಟು. ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿ ತಯಾರಿಸುವ ಹಕ್ಕನ್ನು 2025ರಲ್ಲಿ ಎಚ್‌ಎಎಲ್ 511 ಕೋಟಿಗೆ ಪಡೆಯಿತು. ಅಲ್ಲಿ ಬೇಕಾಗುವುದು ವೆಲ್ಡಿಂಗ್, ಮೆಷಿನಿಂಗ್, ಎಲೆಕ್ಟ್ರಾನಿಕ್ಸ್ ಚೆನ್ನಾಗಿ ಬಲ್ಲವರು. ಐಟಿಐ, ಡಿಪ್ಲೊಮಾ ಅಂದರೆ ಮೂಗು ಮುರಿಯಬೇಡಿ. ಪಕ್ಕದ ಹಾಸನದಲ್ಲೇ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ನೀವು ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಾ ಮೊಬೈಲ್‌ನಲ್ಲಿ ನೋಡುವ ಮೋಡದ ಚಿತ್ರ ಕಳಿಸುವ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳುವುದು ಅಲ್ಲಿಂದ.

ಕೊನೆಗೆ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತರು. “ಆನೆ ಬಂದು ಕಾಫಿ ಗಿಡ ಮುರಿದರೆ ಫಾರೆಸ್ಟ್‌ನವರು ಪರಿಹಾರ ಕೊಡ್ತಾರೆ, ಎಷ್ಟೋ ಒಂದಷ್ಟು. ಈ ರಾಕೆಟ್ ತುಂಡು ತೋಟಕ್ಕೆ ಬಿದ್ದರೆ ನಾನು ಯಾರ ಆಫೀಸಿಗೆ ಹೋಗಬೇಕು?” ಎಲ್ಲರೂ ನಕ್ಕರು. ಆದರೆ ಇದು ನಗುವ ಪ್ರಶ್ನೆ ಅಲ್ಲ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆ ಬಿತ್ತು. ಚೀನಾದ ರಾಕೆಟ್‌ನದು ಅಂತ ತಜ್ಞರು ಗುರುತಿಸಿದರು. 2024ರ ಮಾರ್ಚ್‌ನಲ್ಲಿ ಫ್ಲಾರಿಡಾದ ಒಂದು ಮನೆಯ ಸೂರು ತೂರಿ, ನಿಲ್ದಾಣದಿಂದ ಬಿಸಾಕಿದ್ದ ಬ್ಯಾಟರಿ ಸಾಮಾನಿನ ಮುಕ್ಕಾಲು ಕಿಲೋ ತುಂಡು ಒಳಗೆ ಬಂತು.

1972ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನೆಲದ ಮೇಲೆ ಆದ ಹಾನಿಗೆ ಉಡಾಯಿಸಿದ ದೇಶವೇ ಹೊಣೆ. ರಾಕೆಟ್ ಖಾಸಗಿಯವರದ್ದಾದರೂ ಆ ದೇಶದ ಸರ್ಕಾರವೇ ಕೊಡಬೇಕು. ತಪ್ಪು ಯಾರದು ಅಂತ ನೀವು ಸಾಬೀತು ಮಾಡಬೇಕಿಲ್ಲ. ಆದರೆ ಆ ಒಪ್ಪಂದದಲ್ಲಿ ಅರ್ಜಿ ಹಾಕುವವರು ನೀವಲ್ಲ, ನಿಮ್ಮ ಪರವಾಗಿ ಭಾರತ ಸರ್ಕಾರ. 1978ರಲ್ಲಿ ಸೋವಿಯತ್ತಿನ ಅಣುಶಕ್ತಿ ಉಪಗ್ರಹ ಕೆನಡಾದ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿತ್ತು. ಕೆನಡಾ ಕೇಳಿದ್ದು 60 ಲಕ್ಷ ಕೆನಡಾ ಡಾಲರ್. ಸಿಕ್ಕಿದ್ದು 30 ಲಕ್ಷ, ಅದೂ ಮೂರು ವರ್ಷದ ಮೇಲೆ. ನಮ್ಮಲ್ಲಿ 2017ರಲ್ಲಿ ಬಾಹ್ಯಾಕಾಶ ಚಟುವಟಿಕೆ ಮಸೂದೆಯ ಕರಡು ಬಂತು. 2023ರಲ್ಲಿ ಬಂದದ್ದು ನೀತಿ, ಅದು ಕಾನೂನಲ್ಲ. ಪರಿಹಾರದ ದಾರಿ ಕಾನೂನಿನಲ್ಲಿ ಬರೆದಿಡಬೇಕಾದ ಕಾಲ ಇದು.

ಹಾಗಾಗಿ ಅವರಿಗೆ ಹೇಳಿದೆ. ತುಂಡು ಬಿದ್ದರೆ ಮೊದಲು ಕೈ ಹಚ್ಚಬೇಡಿ, ಕೆಲಸದವರನ್ನೂ ಹತ್ತಿರ ಬಿಡಬೇಡಿ. ಒಳಗೆ ಹೈಡ್ರಜೀನ್ ಅನ್ನುವ ವಿಷದ ಇಂಧನ ಉಳಿದಿರಬಹುದು. ಗುಜರಿಗೆ ಹಾಕಬೇಡಿ, ಅದರ ಒಡೆತನ ಉಡಾಯಿಸಿದವರದ್ದೇ. ಫೋಟೊ ತೆಗೆಯಿರಿ, ಪೊಲೀಸರಿಗೆ, ತಹಶೀಲ್ದಾರರಿಗೆ ಹೇಳಿ, ಮಹಜರು ಮಾಡಿಸಿ, ಮುರಿದ ಗಿಡಗಳ ಲೆಕ್ಕ ಬರೆಸಿ. ಅವರು ಕೂರುತ್ತಾ ಕೇಳಿದರು, “ಅಂದ್ರೆ ಆನೆದೇ ಬೇಗ ಸಿಗುತ್ತೆ ಅನ್ನಿ.” ಹೌದು ಅಂದೆ.